ಟ್ರೇಸ್ ಔಟ್‌ಪುಟ್‌ನಲ್ಲಿ ಮೈನಸ್ ಚಿಹ್ನೆ ಕಾಣೆ: 0 ಮತ್ತು -1 ಡಿಗ್ರಿಯ ನಡುವೆ ಮಾತ್ರ

ಮಲ್ಪೆ_ಐಸ್:

ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ತಾಪಮಾನ ಓದ್ಲಿಕ್ಕೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಉಂಟು. 32 ಬಿಟ್ ಆರ್ಮ್, ಲಿನಕ್ಸ್ ಕರ್ನಲ್ 6.6. ಸೆನ್ಸರ್ ನಾಲ್ಕು, ಎಲ್ಲವೂ ಡಿಎಸ್18ಬಿ20. ಡ್ರೈವರ್ ನಮ್ಮದೇ ಮಾಡ್ಯೂಲ್, ಮೇನ್‌ಲೈನ್‌ನಲ್ಲಿ (ಅಧಿಕೃತ ಕರ್ನಲ್ಲಿನಲ್ಲಿ) ಇಲ್ಲ. ಪ್ರತಿ ಓದಿಗೆ ಒಂದು ಟ್ರೇಸ್ ಈವೆಂಟ್ (ಕರ್ನಲ್ ಒಳಗೆ ಏನಾಯ್ತು ಅಂತ ದಾಖಲಿಸುವ ನಮೂದು) ಹೋಗ್ತದೆ. ಅದರಲ್ಲಿ ಮೂರು ಫೀಲ್ಡ್: ಸೆನ್ಸರಿನ ಹೆಸರು, ಮಿಲಿಡಿಗ್ರಿಯಲ್ಲಿ ತಾಪಮಾನ, ಸೆನ್ಸರಿನ ಸ್ಥಿತಿ.

ಸಮಸ್ಯೆ ಇಷ್ಟೆ. ನೀರು ತಣ್ಣಗಾಗುತ್ತಾ ಸೊನ್ನೆ ದಾಟುವಾಗ ಟ್ರೇಸ್ ಫೈಲಿನಲ್ಲಿ ಹೀಗೆ ಬರ್ತದೆ:

0.187, 0.125, 0.062, 0.000, 0.062, 0.125, 0.187 … 0.875, 0.937, -1.000, -1.062

ಸೊನ್ನೆಯವರೆಗೆ ಇಳಿದು, ಮತ್ತೆ ಮೇಲೆ ಹತ್ತಿ, 0.937ರಿಂದ ಒಮ್ಮೆಗೇ -1.000ಕ್ಕೆ ಬೀಳ್ತದೆ. ಗ್ರಾಫಿನಲ್ಲಿ ಸೊನ್ನೆಯ ಗೆರೆಗೆ ತಾಗಿ ಪುಟಿದ ಹಾಗೆ ಕಾಣ್ತದೆ. ನಾಲ್ಕೂ ಸೆನ್ಸರಿನಲ್ಲಿ ಹೀಗೆಯೇ. -1ಕ್ಕಿಂತ ಕೆಳಗೆ ಎಲ್ಲ ಸರಿ.

ಮುದ್ರಿಸುವ ಸಾಲು ಇದು:

ಟಿಪಿ_ಪ್ರಿಂಟ್‌ಕೆ("ಸೆನ್ಸರ್=%ಎಸ್ ಟೆಂಪ್=%ಡಿ.%03ಡಿ ಸ್ಥಿತಿ=%ಎಸ್", ನೇಮ್, ಮಿಲಿ / 1000, ಆಬ್ಸ್(ಮಿಲಿ % 1000), …)

ಇನ್ನೊಂದು ವಿಷಯ. ಅದೇ ಓಟವನ್ನು ಟ್ರೇಸ್-ಸಿಎಂಡಿ (ಟ್ರೇಸ್ ದಾಖಲಿಸಿ ತೋರಿಸುವ ಹೊರಗಿನ ಸಾಧನ) ರೆಕಾರ್ಡ್ ಮಾಡಿ, ರಿಪೋರ್ಟ್ ತೆಗೆದರೆ ಪ್ರತಿ ಸಾಲಿನಲ್ಲೂ "ಫೇಲ್ಡ್ ಟು ಪಾರ್ಸ್" ಅಂತ ಬಂದು, ಅದರ ಹಿಂದೆ ಹೆಸರಿನ ಜಾಗದಲ್ಲಿ ಒಂದು ಮೆಮೊರಿ ವಿಳಾಸ, ಆಮೇಲೆ ಮಿಲಿ=-62, ಸ್ಥಿತಿ=2 ಅಂತ ಬರ್ತದೆ. ಎರಡೂ ಬೇರೆ ಬೇರೆ ದೋಷವಾ, ಒಂದೇನಾ?

ಕುಡ್ಲ_ಬಫರ್:

ಎರಡನೇ ಔಟ್‌ಪುಟ್ ಕೆಟ್ಟದಾಗಿ ಕಂಡರೂ ಉತ್ತರ ಅದರಲ್ಲೇ ಉಂಟು. ಪಾರ್ಸ್ ಆಗದಾಗ ಆ ಸಾಧನ ನಿಮ್ಮ ಪ್ರಿಂಟ್ ಸಾಲನ್ನು ಬದಿಗಿಟ್ಟು ಫೀಲ್ಡ್‌ಗಳನ್ನು ಹಾಗೆ ಹಾಗೆಯೇ ತೋರಿಸ್ತದೆ. ಅಲ್ಲಿ -62 ಬಂದಿದೆ ಅಂದ್ರೆ ರಿಂಗ್ ಬಫರಿನೊಳಗೆ (ಟ್ರೇಸ್ ದಾಖಲೆ ಕೂಡಿಡುವ ಮೆಮೊರಿ) -62 ಸರಿಯಾಗಿಯೇ ಕೂತಿದೆ. ಕೆಟ್ಟದ್ದು ಮುದ್ರಣದ ಹಂತ.

ಸೆನ್ಸರ್, ವೈರ್, ಡ್ರೈವರ್ ಯಾವುದಕ್ಕೂ ಕೈ ಹಾಕುವ ಮೊದಲು ಇದನ್ನು ಖಚಿತ ಮಾಡಿಕೊಳ್ಳಿ. ಬೋರ್ಡಿನಲ್ಲೇ ಮೂರು ದಾರಿ ಉಂಟು. ಎಲ್ಲದಕ್ಕೂ ಮೊದಲು /ಸಿಸ್/ಕರ್ನಲ್/ಟ್ರೇಸಿಂಗ್ ಡೈರೆಕ್ಟರಿಗೆ ಹೋಗಿ.

ಒಂದು, ನಿಮ್ಮ ಈವೆಂಟಿನ ಫಾರ್ಮ್ಯಾಟ್ ಫೈಲನ್ನು ಕ್ಯಾಟ್ ಮಾಡಿ. ಮಿಲಿ ಎದುರು "ಸೈನ್ಡ್:1" ಇರಬೇಕು. ಅಲ್ಲಿ 0 ಇದ್ದರೆ ಫೀಲ್ಡಿನ ಟೈಪೇ ತಪ್ಪು, ಆಗ -18500 ಎಂಬುದು 4294948796 ಆಗಿ ಕಾಣ್ತದೆ. ನಿಮ್ಮಲ್ಲಿ ಹಾಗೆ ಆಗಿಲ್ಲ, ಆದ್ರೂ ಒಮ್ಮೆ ನೋಡಿ.

ಎರಡು, ಈವೆಂಟಿನ ಫಿಲ್ಟರ್ ಫೈಲಿಗೆ "ಮಿಲಿ < 0 && ಮಿಲಿ > -1000" ಅಂತ ಬರೆಯಿರಿ. ಫಿಲ್ಟರ್ ಕೆಲಸ ಮಾಡುವುದು ದಾಖಲಾದ ಸಂಖ್ಯೆಯ ಮೇಲೆ, ಮುದ್ರಿತ ಅಕ್ಷರಗಳ ಮೇಲೆ ಅಲ್ಲ. ಈ ಫಿಲ್ಟರ್ ಹಾಕಿದ ಮೇಲೂ ಟ್ರೇಸಿನಲ್ಲಿ "0.062" ಅಂತ ಮೈನಸ್ ಇಲ್ಲದ ಸಾಲುಗಳೇ ಬಂದರೆ ತೀರ್ಮಾನ ಆಯ್ತು, ಬೇರೆ ಸಾಕ್ಷಿ ಬೇಡ.

ಮೂರು, ಆಪ್ಶನ್ಸ್ ಡೈರೆಕ್ಟರಿಯಲ್ಲಿ "ಫೀಲ್ಡ್ಸ್" ಎಂಬ ಫೈಲಿಗೆ 1 ಬರೆಯಿರಿ. 6.4ರಿಂದ ಇದು ಉಂಟು. ಪ್ರಿಂಟ್ ಸಾಲು ಬಿಟ್ಟು ಬರೀ ಫೀಲ್ಡ್‌ಗಳನ್ನು ಕರ್ನಲ್ಲೇ ತೋರಿಸ್ತದೆ. ಹಳೆ ಕರ್ನಲ್ ಆದ್ರೆ ಟ್ರೇಸ್-ಸಿಎಂಡಿ ರಿಪೋರ್ಟಿಗೆ ದೊಡ್ಡಕ್ಷರದ ಆರ್ ಸ್ವಿಚ್ ಕೊಡಿ, ಅದೇ ಕೆಲಸ ಆಗ್ತದೆ.

ಮಣಿಪಾಲ_ಸಿ:

ಮೈನಸ್ ಎಲ್ಲಿ ಹೋಯ್ತು ಅಂತ ಲೆಕ್ಕ ಹಾಕಿ ನೋಡುವ.

ಸಿ ಭಾಷೆಯಲ್ಲಿ ಪೂರ್ಣಾಂಕ ಭಾಗಾಕಾರ ಸೊನ್ನೆಯ ಕಡೆಗೆ ಕತ್ತರಿಸ್ತದೆ. -18500 / 1000 ಮಾಡಿದ್ರೆ -18, ಶೇಷ -500. ಶೇಷದ ಚಿಹ್ನೆಯನ್ನು ಆಬ್ಸ್ ತೆಗೀತದೆ, ಪೂರ್ಣಭಾಗದಲ್ಲಿ ಮೈನಸ್ ಉಳೀತದೆ, "-18.500" ಸರಿ ಬರ್ತದೆ. ಈಗ -62 ತೆಗೊಳ್ಳಿ. -62 / 1000 ಅಂದ್ರೆ 0. ಪೂರ್ಣಾಂಕದಲ್ಲಿ ಮೈನಸ್ ಸೊನ್ನೆ ಅಂತ ಇಲ್ಲ. ಇಡೀ ಸಂಖ್ಯೆಯ ಮೈನಸ್ ಇದ್ದದ್ದು ಶೇಷದಲ್ಲಿ ಮಾತ್ರ, ಅದನ್ನು ಆಬ್ಸ್ ಅಳಿಸಿತು. -999ರಿಂದ -1ರವರೆಗೆ ಎಲ್ಲಕ್ಕೂ ಇದೇ ಗತಿ. ನಿಮ್ಮ ಸೆನ್ಸರಿನ ಒಂದು ಹೆಜ್ಜೆ 0.0625 ಡಿಗ್ರಿ, ಹಾಗಾಗಿ ಸೊನ್ನೆಯ ಕೆಳಗೆ ಸರಿಯಾಗಿ 15 ಹೆಜ್ಜೆಗಳು ತಪ್ಪಾಗಿ ಮುದ್ರಣ ಆಗ್ತವೆ, 16ನೆಯದು -1.000.

ಆಬ್ಸ್ ಇಲ್ಲದಿದ್ದರೆ "0.-62" ಅಂತ ಬರ್ತಿತ್ತು. ಅದನ್ನು ನೋಡಿದ ಕೂಡಲೇ ಯಾರಿಗಾದ್ರೂ ದೋಷ ಅಂತ ಗೊತ್ತಾಗ್ತದೆ. ಆಬ್ಸ್ ಹಾಕಿದ್ದರಿಂದ ತಪ್ಪು ಸಂಖ್ಯೆಗೆ ಸರಿಯಾದ ಸಂಖ್ಯೆಯ ರೂಪ ಬಂತು. ಐಸ್ ಪ್ಲಾಂಟಿನಲ್ಲಿ ನೀರು ಹೆಪ್ಪುಗಟ್ಟುವುದು ಇದೇ ಸೊನ್ನೆಯ ಆಚೆ ಈಚೆ, ಹಾಗಾಗಿ ಇದನ್ನು ಸಣ್ಣ ವಿಷಯ ಅಂತ ಬಿಡ್ಲಿಕ್ಕೆ ಆಗುವುದಿಲ್ಲ.

%03ಡಿ (ಮೂರು ಅಂಕಿ ಆಗುವ ಹಾಗೆ ಮುಂದೆ ಸೊನ್ನೆ ತುಂಬುವುದು) ಹಾಕಿದ್ದು ಮಾತ್ರ ಸರಿ ಉಂಟು, ಅದನ್ನು ತೆಗೀಬೇಡಿ. ಬರೀ %ಡಿ ಆಗಿದ್ದರೆ 3045 ಎಂಬುದು "3.45" ಆಗ್ತಿತ್ತು, ಬಿಂದುವಿನ ನಂತರದ ಭಾಗ ಹತ್ತು ಪಟ್ಟು ತಪ್ಪು.

ಕುಡ್ಲ_ಬಫರ್:

ಮಣಿಪಾಲ ಅಕ್ಕ ಹೇಳಿದ ಲೆಕ್ಕ ಸರಿ. "ಫೇಲ್ಡ್ ಟು ಪಾರ್ಸ್" ಬರುವುದಕ್ಕೂ ಅದೇ ಆಬ್ಸ್ ಕಾರಣ, ಆದ್ರೆ ದಾರಿ ಬೇರೆ.

ಟಿಪಿ_ಪ್ರಿಂಟ್‌ಕೆ ಒಳಗೆ ಬರೆದದ್ದು ಎರಡು ಕಡೆ ಹೋಗ್ತದೆ. ಒಂದು, ಕರ್ನಲ್ಲಿನಲ್ಲಿ ಕೋಡ್ ಆಗಿ ಕಂಪೈಲ್ ಆಗ್ತದೆ. ಟ್ರೇಸ್ ಫೈಲ್ ಓದುವಾಗ ಓಡುವುದು ಅದು. ಇನ್ನೊಂದು, ಅದೇ ಸಾಲು ಪಠ್ಯವಾಗಿ ಫಾರ್ಮ್ಯಾಟ್ ಫೈಲಿನ ಕೊನೆಗೆ "ಪ್ರಿಂಟ್ ಎಫ್‌ಎಂಟಿ" ಅಂತ ಸೇರ್ತದೆ. ಪರ್ಫ್, ಟ್ರೇಸ್-ಸಿಎಂಡಿಯಂಥ ಹೊರಗಿನ ಸಾಧನಗಳು ಆ ಪಠ್ಯವನ್ನು ಓದಿ, ಬೈನರಿ ದಾಖಲೆಯನ್ನು ತಾವೇ ಮುದ್ರಿಸ್ತವೆ. ಪಠ್ಯ ಆಗುವ ಮೊದಲು ಮ್ಯಾಕ್ರೋಗಳು ಬಿಚ್ಚಿಕೊಳ್ತವೆ. ಆಬ್ಸ್ ಕರ್ನಲ್ಲಿನಲ್ಲಿ ಫಂಕ್ಷನ್ ಅಲ್ಲ, ದೊಡ್ಡ ಮ್ಯಾಕ್ರೋ. ನಿಮ್ಮ ಫಾರ್ಮ್ಯಾಟ್ ಫೈಲಿನ ಕೊನೆಯ ಸಾಲು ನೋಡಿ, ಬಿಲ್ಟಿನ್_ಚೂಸ್_ಎಕ್ಸ್‌ಪ್ರ್ ಅಂತೆಲ್ಲ ಹಲವು ಸಲ ತುಂಬಿರ್ತದೆ. ಹೊರಗಿನ ಪಾರ್ಸರ್‌ಗೆ ಅದು ಅರ್ಥ ಆಗುವುದಿಲ್ಲ.

ಹಾಗಾದ್ರೆ ಮ್ಯಾಕ್ರೋ ಬದಲು ಸ್ವಂತ ಇನ್‌ಲೈನ್ ಫಂಕ್ಷನ್ ಬರೆದ್ರೆ? ಅದೂ ಆಗುವುದಿಲ್ಲ. ಪಠ್ಯದಲ್ಲಿ ಆ ಫಂಕ್ಷನ್ನಿನ ಹೆಸರು ಮಾತ್ರ ಬರ್ತದೆ, ಅದರ ಒಳಗೇನುಂಟು ಅಂತ ಹೊರಗಿನವರಿಗೆ ಗೊತ್ತಿಲ್ಲ. ಫೀಲ್ಡ್‌ಗಳು, ಸಾದಾ ಲೆಕ್ಕದ ಚಿಹ್ನೆಗಳು, ಪ್ರಶ್ನಾರ್ಥಕ-ಕೋಲನ್ ಆಯ್ಕೆ, ಕರ್ನಲ್ಲೇ ಕೊಡುವ __ಪ್ರಿಂಟ್_ಸಿಂಬಾಲಿಕ್, __ಗೆಟ್_ಎಸ್‌ಟಿಆರ್ ಮುಂತಾದವು, ಇಷ್ಟರೊಳಗೆ ಬರೆಯಿರಿ (ಸ್ಥಿತಿಯ ಭಾಗ ಮೊದಲಿನ ಹಾಗೆಯೇ ಇರಲಿ):

"ಸೆನ್ಸರ್=%ಎಸ್ ಟೆಂಪ್=%ಎಸ್%ಡಿ.%03ಡಿ", ನೇಮ್,
ಮಿಲಿ < 0 ? "-" : "",
(ಮಿಲಿ < 0 ? -ಮಿಲಿ : ಮಿಲಿ) / 1000,
(ಮಿಲಿ < 0 ? -ಮಿಲಿ : ಮಿಲಿ) % 1000

ಚಿಹ್ನೆ ಮೊದಲೇ ಬೇರೆ ಆಗಿ ಹೊರಗೆ ಬರ್ತದೆ, ಉಳಿದ ಎರಡು ಭಾಗ ಯಾವಾಗಲೂ ಧನ ಸಂಖ್ಯೆ.

ಕಾಪು_ದೀಪ:

ನನ್ನ ಅಭಿಪ್ರಾಯ ಬೇರೆ. ಟ್ರೇಸ್ ಈವೆಂಟಿನಲ್ಲಿ ದಶಮಾಂಶ ಬಿಂದುವೇ ಬೇಡ. "ಮಿಲಿ=%ಡಿ" ಅಂತ ಒಂದೇ ಸಂಖ್ಯೆ ಮುದ್ರಿಸಿ. ಕರ್ನಲ್ಲಿನ ಥರ್ಮಲ್_ಟೆಂಪರೇಚರ್ ಈವೆಂಟ್ ನೋಡಿ, ತಾಪಮಾನವನ್ನು ಬರೀ %ಡಿ ಆಗಿ, ಮಿಲಿಡಿಗ್ರಿಯಲ್ಲಿಯೇ ಕೊಡ್ತದೆ. ಎಚ್‌ಡಬ್ಲ್ಯುಮಾನ್ (ಕರ್ನಲ್ಲಿನ ಹಾರ್ಡ್‌ವೇರ್ ಮಾನಿಟರಿಂಗ್ ವ್ಯವಸ್ಥೆ) ಕೂಡ ಟೆಂಪ್1_ಇನ್‌ಪುಟ್ ಫೈಲಿನಲ್ಲಿ ಕೊಡುವುದು ಮಿಲಿಡಿಗ್ರಿ ಪೂರ್ಣಾಂಕವೇ. ಭಾಗಿಸುವ ಕೆಲಸ ಯೂಸರ್‌ಸ್ಪೇಸಿನದು, ಅಲ್ಲಿ ಫ್ಲೋಟ್ ಉಂಟು. ಕರ್ನಲ್ಲಿನಲ್ಲಿ ಭಾಗಾಕಾರವೇ ಇಲ್ಲದಿದ್ದರೆ ಈ ದೋಷ ಹುಟ್ಟುವುದೇ ಇಲ್ಲ. ಮೂರು ಸಾಲಿನ ಆಯ್ಕೆ ಬರೆದು ಅದನ್ನು ಮುಂದೆ ಇನ್ನೊಬ್ಬರು ತಿದ್ದುವಾಗ ಮತ್ತೆ ತಪ್ಪುವುದಕ್ಕಿಂತ ಅದು ಒಳ್ಳೆಯದು.

ಮಲ್ಪೆ_ಐಸ್:

ಫಿಲ್ಟರ್ ಹಾಕಿ ನೋಡಿದೆ. "ಮಿಲಿ < 0 && ಮಿಲಿ > -1000" ಹಾಕಿದಾಗ ಬಂದ ಸಾಲುಗಳೆಲ್ಲ 0.062, 0.125 ಹೀಗೆ, ಒಂದಕ್ಕೂ ಮೈನಸ್ ಇಲ್ಲ. ಫಾರ್ಮ್ಯಾಟ್ ಫೈಲಿನಲ್ಲಿ ಮಿಲಿ: ಆಫ್‌ಸೆಟ್ 12, ಸೈಜ್ 4, ಸೈನ್ಡ್ 1. ಹಾಗಾಗಿ ದಾಖಲೆ ಸರಿ.

ಕಾಪು ಅವರ ಮಾತು ಒಪ್ಪುವಂಥದ್ದೇ. ತೊಂದರೆ ಎಂತ ಅಂದ್ರೆ ಪ್ಲಾಂಟಿನಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಟ್ರೇಸ್_ಪೈಪ್ ಓದಿ, "ಟೆಂಪ್=" ಹುಡುಕಿ, ಅದರ ಮುಂದಿನದನ್ನು ಡಿಗ್ರಿ ಅಂತ ತೆಗೊಳ್ತದೆ. ಇವತ್ತು ಟೆಂಪ್=-62 ಅಂತ ಕೊಟ್ಟರೆ ಅದು ಮೈನಸ್ 62 ಡಿಗ್ರಿ ಅಂತ ಓದ್ತದೆ.

ಕುಡ್ಲ_ಬಫರ್:

ಹಾಗಾದ್ರೆ ಈಗ ಚಿಹ್ನೆಯ ತಿದ್ದುಪಡಿ ಮಾತ್ರ ಹಾಕಿ, ಸಾಲಿನ ಆಕಾರ ಬದಲಿಸಬೇಡಿ. ದೋಷ ತಿದ್ದುವ ಪ್ಯಾಚಿನಲ್ಲಿ ಔಟ್‌ಪುಟ್‌ನ ರೂಪ ಬದಲಿಸಿದ್ರೆ ಎರಡು ಬದಲಾವಣೆ ಒಟ್ಟಿಗೆ ಬಂದ ಹಾಗೆ, ಕೆಟ್ಟರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಸ್ಕ್ರಿಪ್ಟನ್ನು ಸರಿ ಮಾಡಿದ ಮೇಲೆ ಕಾಪು ಹೇಳಿದ ರೂಪಕ್ಕೆ ಹೋಗಿ. ಆಗಲೂ "ಟೆಂಪ್" ಹೆಸರನ್ನೇ ಬೇರೆ ಅರ್ಥಕ್ಕೆ ಬಳಸಬೇಡಿ, "ಟೆಂಪ್_ಮಿಲಿ" ಅಂತ ಹೊಸ ಹೆಸರು ಕೊಡಿ. ಹಳೆ ಸ್ಕ್ರಿಪ್ಟ್ ಎಲ್ಲಾದ್ರೂ ಉಳಿದಿದ್ದರೆ ಅದು ತಪ್ಪು ಸಂಖ್ಯೆ ಓದುವ ಬದಲು ಏನೂ ಸಿಗದೆ ನಿಲ್ತದೆ.

ಟ್ರೇಸಿನ ರೂಪ ಬದಲಾಗಿ ಹೊರಗಿನ ಸಾಧನ ಮುರಿದದ್ದು ಮೇನ್‌ಲೈನ್‌ನಲ್ಲೇ ಆಗಿದೆ. 2011ರಲ್ಲಿ ಈವೆಂಟುಗಳ ಸಾಮಾನ್ಯ ಭಾಗದಿಂದ ಲಾಕ್_ಡೆಪ್ತ್ ಫೀಲ್ಡ್ ತೆಗೆದಾಗ ಪವರ್‌ಟಾಪ್ ಎಂಬ ವಿದ್ಯುತ್ ಬಳಕೆ ನೋಡುವ ಸಾಧನ ಕೆಟ್ಟಿತು. ಅದು ಆಫ್‌ಸೆಟ್‌ಗಳನ್ನು ಫಾರ್ಮ್ಯಾಟ್ ಫೈಲಿನಿಂದ ಓದದೆ ಕೋಡಿನಲ್ಲೇ ಗಟ್ಟಿ ಮಾಡಿಟ್ಟಿತ್ತು. ಕೊನೆಗೆ ಕರ್ನಲ್ಲೇ ಆ ಜಾಗದಲ್ಲಿ 4 ಬೈಟ್ ಖಾಲಿ ಪ್ಯಾಡಿಂಗ್ ಇಟ್ಟು ಸರಿ ಮಾಡಬೇಕಾಯ್ತು.

ಮಣಿಪಾಲ_ಸಿ:

ಸ್ಕ್ರಿಪ್ಟಿನ ಬಗ್ಗೆಯೂ ಹೇಳಬೇಕು. ಟ್ರೇಸ್_ಪೈಪಿನ ಪಠ್ಯವನ್ನು ಸ್ಪೇಸಿನಲ್ಲಿ ಕತ್ತರಿಸಿ ಕಾಲಂ ಎಣಿಸುವುದು ಅಪಾಯ. ಟಾಸ್ಕಿನ ಹೆಸರಿನಲ್ಲೇ ಸ್ಪೇಸ್ ಇರಬಹುದು. ಹೆಸರು ಸಂಗ್ರಹದಲ್ಲಿ ಇಲ್ಲದಿದ್ದರೆ "<...>" ಬರ್ತದೆ, ಯಾಕಂದ್ರೆ ಹಳೆ ಕರ್ನಲ್‌ಗಳಲ್ಲಿ ಡಿಫಾಲ್ಟ್ ಆಗಿ ನೆನಪಿಡುವುದು 128 ಹೆಸರು ಮಾತ್ರ. ಬೇಕಾದ್ರೆ ಸೇವ್ಡ್_ಸಿಎಂಡಿಲೈನ್ಸ್_ಸೈಜ್ ಫೈಲಿಗೆ 1024 ಬರೆಯಿರಿ. ಓದುವವರು ಹಿಂದೆ ಬಿದ್ದರೆ ಹಳೆ ಈವೆಂಟುಗಳ ಮೇಲೆ ಹೊಸದು ಬರೆದು ಹೋಗ್ತದೆ, ಆಗ ನಡುವೆ "ಲಾಸ್ಟ್ … ಈವೆಂಟ್ಸ್" (ಇಷ್ಟು ಈವೆಂಟ್ ಕಳೆದುಹೋಯ್ತು) ಎಂಬ ಸಾಲು ನುಗ್ತದೆ, ಅದರಲ್ಲಿ ನಿಮ್ಮ ಯಾವ ಕಾಲಮ್ಮೂ ಇರುವುದಿಲ್ಲ. ಎಷ್ಟು ಹೋಯ್ತು ಅಂತ ಪರ್_ಸಿಪಿಯು/ಸಿಪಿಯು0/ಸ್ಟ್ಯಾಟ್ಸ್ ಒಳಗೆ "ಓವರ್‌ರನ್" ಎದುರು ಸಿಗ್ತದೆ.

ಹಗಲು ರಾತ್ರಿ ದಾಖಲೆ ಬೇಕಾದ್ದಕ್ಕೆ ಎಚ್‌ಡಬ್ಲ್ಯುಮಾನ್ ಫೈಲನ್ನೇ ಓದಿಸಿ. ಟ್ರೇಸ್ ಇರುವುದು ಡ್ರೈವರ್ ಒಳಗೆ ಏನಾಗ್ತಾ ಉಂಟು ಅಂತ ನೋಡ್ಲಿಕ್ಕೆ, ಲಾಗರ್ ಆಗ್ಲಿಕ್ಕೆ ಅಲ್ಲ.

ಬೈಕಂಪಾಡಿ_ಬೋರ್ಡ್:

ಹಾರ್ಡ್‌ವೇರ್ ಕಡೆಯಿಂದ ಒಂದು ಮಾತು, ಎರಡು ದೋಷ ಬೆರೆಯದ ಹಾಗೆ. ಟ್ರೇಸಿನಲ್ಲಿ ಒಮ್ಮೊಮ್ಮೆ 85.000 ಅಂತ ಬಂದ್ರೆ ಅದು ಮುದ್ರಣದ ತಪ್ಪಲ್ಲ. ಡಿಎಸ್18ಬಿ20ಗೆ ಪವರ್ ಬಂದ ಕೂಡಲೇ ಅದರ ರಿಜಿಸ್ಟರಿನಲ್ಲಿ ಇರುವುದು 85 ಡಿಗ್ರಿ. 12 ಬಿಟ್ ಅಳತೆಗೆ 750 ಮಿಲಿಸೆಕೆಂಡ್ ವರೆಗೆ ಬೇಕು. ಅಷ್ಟು ಕಾಯದೆ ಓದಿದ್ರೆ, ಅಥವಾ ನಡುವೆ ಪವರ್ ಹೋಗಿ ಬಂದ್ರೆ 85 ಸಿಗ್ತದೆ. ಬಂದರಿನ ಉಪ್ಪುಗಾಳಿಗೆ ಕನೆಕ್ಟರ್ ತುಕ್ಕು ಹಿಡಿದರೆ ಇದು ಹೆಚ್ಚಾಗ್ತದೆ. 4.7 ಕಿಲೋ ಓಮ್ ಪುಲ್‌ಅಪ್ ಮತ್ತು ಕನೆಕ್ಟರ್ ಎರಡನ್ನೂ ನೋಡಿ. 85ನ್ನು ಪ್ರಿಂಟ್ ಸಾಲಿನಲ್ಲಿ ಅಡಗಿಸ್ಲಿಕ್ಕೆ ಮಾತ್ರ ಹೋಗಬೇಡಿ. ಅದು ಕಾಣಬೇಕು.

ಮಲ್ಪೆ_ಐಸ್:

ಚಿಹ್ನೆಯ ತಿದ್ದುಪಡಿ ಹಾಕಿದೆ, ಟ್ರೇಸ್ ಫೈಲಿನಲ್ಲಿ -0.062 ಸರಿ ಬಂತು. ಟ್ರೇಸ್-ಸಿಎಂಡಿಯಲ್ಲಿ "ಫೇಲ್ಡ್ ಟು ಪಾರ್ಸ್" ಹೋಯ್ತು, ತಾಪಮಾನವೂ ಸರಿ. ಆದ್ರೆ ಈಗ ಅಲ್ಲಿ "ಸ್ಥಿತಿ=0x2" ಅಂತ ಬರ್ತದೆ, ಟ್ರೇಸ್ ಫೈಲಿನಲ್ಲಿ ಅದೇ ಸಾಲಿಗೆ "ಸ್ಥಿತಿ=ರೆಡಿ". ಹೆಸರಿನ ಜಾಗದಲ್ಲಿ ಇನ್ನೂ ವಿಳಾಸವೇ.

ಕುಡ್ಲ_ಬಫರ್:

ಮೊದಲಿನ ದೋಷದ ಹಿಂದೆ ಇವೆರಡೂ ಅಡಗಿದ್ದವು. ಇವು ಕೂಡ ಪಠ್ಯ ಮತ್ತು ಕೋಡ್ ಬೇರೆಯಾಗುವ ಕಡೆಯಲ್ಲೇ ಹುಟ್ಟಿದ್ದು.

ಸ್ಥಿತಿಯದ್ದು: ಸಂಖ್ಯೆಯನ್ನು ಹೆಸರಾಗಿ ತೋರಿಸುವ __ಪ್ರಿಂಟ್_ಸಿಂಬಾಲಿಕ್ ಒಳಗೆ ನೀವು ಈನಮ್ (ಸಿ ಭಾಷೆಯಲ್ಲಿ ಸಂಖ್ಯೆಗಳಿಗೆ ಕೊಟ್ಟ ಹೆಸರುಗಳ ಪಟ್ಟಿ) ಹೆಸರುಗಳನ್ನು ಕೊಟ್ಟಿದ್ದೀರಿ. ಡಿಫೈನ್ ಮಾಡಿದ ಹೆಸರಾದ್ರೆ ಪಠ್ಯ ಆಗುವಾಗ ಸಂಖ್ಯೆಗೆ ಬದಲಾಗ್ತದೆ. ಈನಮ್ ಬದಲಾಗುವುದಿಲ್ಲ, ಅದು ಪ್ರಿಪ್ರೊಸೆಸರಿಗೆ ಕಾಣುವುದೇ ಇಲ್ಲ. ಫಾರ್ಮ್ಯಾಟ್ ಫೈಲಿನಲ್ಲಿ ಹೆಸರು ಹೆಸರಾಗಿಯೇ ಉಳೀತದೆ, ಹೊರಗಿನ ಸಾಧನಕ್ಕೆ ಅದರ ಬೆಲೆ ಗೊತ್ತಿಲ್ಲ. ಹೆಡರ್ ಫೈಲಿನಲ್ಲಿ ಈವೆಂಟಿನ ಮೊದಲು ಪ್ರತಿ ಸ್ಥಿತಿಗೂ ಟ್ರೇಸ್_ಡಿಫೈನ್_ಈನಮ್(ಹೆಸರು); ಅಂತ ಒಂದೊಂದು ಸಾಲು ಸೇರಿಸಿ. ಮಾಡ್ಯೂಲ್ ಲೋಡ್ ಆಗುವಾಗ ಕರ್ನಲ್ ಆ ಹೆಸರುಗಳನ್ನು ಸಂಖ್ಯೆಗೆ ಬದಲಿಸ್ತದೆ. ಒಂದು ಸ್ಥಿತಿ ಬಿಟ್ಟರೂ ಅದೊಂದು ಮಾತ್ರ 0x ಆಗಿ ಬರ್ತದೆ, ಹಾಗಾಗಿ ಎಲ್ಲವನ್ನೂ ಬರೆಯಿರಿ.

ಹೆಸರಿನದ್ದು ಹೆಚ್ಚು ಗಂಭೀರ. ನೀವು ದಾಖಲಿಸಿದ್ದು ಹೆಸರಲ್ಲ, ಹೆಸರು ಇರುವ ಜಾಗದ ಪಾಯಿಂಟರ್. ಮುದ್ರಿಸುವುದು ಯಾವಾಗಲೋ, ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಏನೋ ಇರಬಹುದು. ಈಗ ನಿಮ್ಮ ಹೆಸರುಗಳು ಮಾಡ್ಯೂಲಿನೊಳಗಿನ ಸ್ಥಿರ ಅಕ್ಷರಗಳು, ಅದಕ್ಕೇ ಟ್ರೇಸ್ ಫೈಲಿನಲ್ಲಿ ಸರಿ ಕಾಣ್ತದೆ. ನಾಳೆ ಕೆಮಲ್ಲಾಕ್ ಮಾಡಿದ (ಓಡುವಾಗ ಪಡೆದ ಮೆಮೊರಿಯಲ್ಲಿರುವ) ಹೆಸರು ಕೊಟ್ಟು ಸೆನ್ಸರ್ ತೆಗೆದ್ರೆ, ಓದುವಾಗ ಮುಟ್ಟುವುದು ಬಿಟ್ಟುಕೊಟ್ಟ ಮೆಮೊರಿಯನ್ನು. 5.13ರಿಂದ ಕರ್ನಲ್ ಇದನ್ನು ಪರೀಕ್ಷಿಸ್ತದೆ. ಪಾಯಿಂಟರ್ ನಂಬುವಂಥದ್ದಲ್ಲದಿದ್ದರೆ ಸಾಲಿನಲ್ಲಿ "[ಅನ್‌ಸೇಫ್-ಮೆಮೊರಿ]" ಅಂತ ಹಾಕಿ, ಡಿಮೆಸೇಜಿನಲ್ಲಿ (ಕರ್ನಲ್ಲಿನ ಸಂದೇಶಗಳ ಲಾಗ್) ಎಚ್ಚರಿಕೆ ಕೊಡ್ತದೆ. ಆ ಎಚ್ಚರಿಕೆ ಬರುವುದು ಒಮ್ಮೆ ಮಾತ್ರ. ಡಿಮೆಸೇಜ್ ಅಳಿಸಿ ಹೋಗಿದ್ದರೆ ಎರಡನೇ ಸಲ ಕಾಣುವುದಿಲ್ಲ.

ತಿದ್ದುವುದು ಮೂರು ಕಡೆ: ಸ್ಟ್ರಕ್ಟ್ ಭಾಗದಲ್ಲಿ ಪಾಯಿಂಟರ್ ಫೀಲ್ಡ್ ತೆಗೆದು __ಸ್ಟ್ರಿಂಗ್(ನೇಮ್, ಮೂಲ), ಟಿಪಿ_ಫಾಸ್ಟ್_ಅಸೈನ್ ಒಳಗೆ __ಅಸೈನ್_ಎಸ್‌ಟಿಆರ್(ನೇಮ್, ಮೂಲ), ಪ್ರಿಂಟ್ ಸಾಲಿನಲ್ಲಿ __ಗೆಟ್_ಎಸ್‌ಟಿಆರ್(ನೇಮ್). ಆಗ ಅಕ್ಷರಗಳೇ ದಾಖಲೆಯೊಳಗೆ ನಕಲಾಗ್ತವೆ. ಪಾಯಿಂಟರಿನ ಜಾಗಕ್ಕೆ 4 ಬೈಟಿನ __ಡೇಟಾ_ಲಾಕ್ ಬರ್ತದೆ: ಕೆಳಗಿನ 16 ಬಿಟ್ ಅಕ್ಷರಗಳು ಎಲ್ಲಿವೆ ಅಂತ, ಮೇಲಿನ 16 ಬಿಟ್ ಅವುಗಳ ಉದ್ದ. 32 ಬಿಟ್ ಬೋರ್ಡಿನಲ್ಲಿ ಪಾಯಿಂಟರೂ 4 ಬೈಟೇ, ಹಾಗಾಗಿ ಮಿಲಿ 12ರಲ್ಲೇ ಇರ್ತದೆ. 64 ಬಿಟ್‌ನಲ್ಲಿ ಅದು ಜಾಗ ಬದಲಿಸ್ತದೆ, ಆಫ್‌ಸೆಟ್ ಎಲ್ಲೂ ಗಟ್ಟಿ ಮಾಡಿಡಬೇಡಿ.

ಪಡುಬಿದ್ರಿ_64:

ಮಿಲಿಡಿಗ್ರಿಯಲ್ಲಿ 62.5 ಎಂಬುದು 62 ಆಗಿ ಅರ್ಧ ಹೋಗ್ತದಲ್ಲ. 64 ಬಿಟ್ ಪೂರ್ಣಾಂಕವಾದ ಎಸ್64ನಲ್ಲಿ ಮೈಕ್ರೋಡಿಗ್ರಿ ಇಟ್ಟರೆ ಆಗುವುದಿಲ್ಲವಾ?

ಮಣಿಪಾಲ_ಸಿ:

ಎಸ್64 ಬೇಡ. 125 ಡಿಗ್ರಿ ಅಂದ್ರೆ 125000000 ಮೈಕ್ರೋಡಿಗ್ರಿ, ಅದು ಎಸ್32 ಒಳಗೇ ಆರಾಮಾಗಿ ಹಿಡೀತದೆ. 32 ಬಿಟ್ ಆರ್ಮ್‌ನಲ್ಲಿ ಎಸ್64ಗೆ ನೇರ ಭಾಗಾಕಾರ ಬರೆದ್ರೆ ಮಾಡ್ಯೂಲ್ ಕಟ್ಟುವಾಗಲೇ __ಎಇಎಬಿಐ_ಎಲ್‌ಡಿವ್‌ಮಾಡ್ ಇಲ್ಲ ಅಂತ ನಿಲ್ತದೆ, ಡಿವ್_ಎಸ್64 ಬಳಸಬೇಕಾಗ್ತದೆ. ಪ್ರಿಂಟ್ ಸಾಲಿನಲ್ಲಿ ಅದನ್ನು ಬಳಸಿದ್ರೆ ಹೊರಗಿನ ಪಾರ್ಸರ್ ಮತ್ತೆ ನಿಲ್ತದೆ. ಪೂರ್ಣ ನಿಖರತೆ ಬೇಕಿದ್ದರೆ ಸೆನ್ಸರಿನ ಮೂಲ 16 ಬಿಟ್ ಸಂಖ್ಯೆಯನ್ನೇ ಇನ್ನೊಂದು ಫೀಲ್ಡ್ ಆಗಿ ದಾಖಲಿಸಿ. -1 ಅಂದ್ರೆ -0.0625, ಏನೂ ಕಳೆಯುವುದಿಲ್ಲ.

ಕಾಪು_ದೀಪ:

ಪ್ಯಾಚ್ ಮೂರಾಗಿ ಮಾಡಿ: ಚಿಹ್ನೆ, ಈನಮ್, ಹೆಸರು. ಚಿಹ್ನೆಯದ್ದು ಮೊದಲು ಇರಲಿ, ಹಳೆ ಬೋರ್ಡಿಗೆ ಅದೊಂದನ್ನೇ ಹಾಕ್ಲಿಕ್ಕೆ ಆಗ್ತದೆ. ಕಮಿಟ್ ಸಂದೇಶದಲ್ಲಿ "ಔಟ್‌ಪುಟ್ ಸರಿ ಮಾಡಿದೆ" ಅಂತ ಬರೆದ್ರೆ ಸಾಲದು. ಮಿಲಿ=-62 ಇದ್ದಾಗ ಮೊದಲು ಏನು ಬರ್ತಿತ್ತು, ಈಗ ಏನು ಬರ್ತದೆ, ಎರಡೂ ಸಾಲು ಹಾಕಿ. "ಫಿಕ್ಸಸ್:" ಸಾಲಿನಲ್ಲಿ ಆಬ್ಸ್ ಸೇರಿಸಿದ ಕಮಿಟ್ಟಿನ ಐಡಿಯ ಮೊದಲ 12 ಅಕ್ಷರ ಮತ್ತು ಅದರ ಶೀರ್ಷಿಕೆ.

ಪರೀಕ್ಷೆಗೆ ಸೆನ್ಸರ್ ತಣ್ಣಗಾಗುವುದನ್ನು ಕಾಯಬೇಡಿ. ಮಾಡ್ಯೂಲಿಗೆ ಒಂದು ಪ್ಯಾರಾಮೀಟರ್ ಕೊಟ್ಟು, ಲೋಡ್ ಆಗುವಾಗ ಈ ಬೆಲೆಗಳಿಗೆ ಈವೆಂಟ್ ಕಳಿಸಿ: -55000, -10062, -1000, -937, -62, -1, 0, 1, 62, 937, 1000, 3045, 125000. ಸೊನ್ನೆಯ ಎರಡೂ ಬದಿ, ಒಂದರ ಎರಡೂ ಬದಿ, ಸೆನ್ಸರಿನ ಎರಡೂ ತುದಿ, ಮತ್ತು ನಡುವೆ ಸೊನ್ನೆ ತುಂಬಬೇಕಾದ ಒಂದು. ಇನಿಟ್‌ನಲ್ಲೇ ಕಳಿಸುವುದಾದ್ರೆ ಈವೆಂಟನ್ನು ಆನ್ ಮಾಡುವುದು ಹೇಗೆ ಅಂತ ನೋಡಿಕೊಳ್ಳಿ, ಮಾಡ್ಯೂಲ್ ಇಲ್ಲದೆ ಅದರ ಡೈರೆಕ್ಟರಿ ಇರುವುದಿಲ್ಲ. ಡಿಬಗ್‌ಎಫ್‌ಎಸ್‌ನಲ್ಲಿ (ಡಿಬಗ್ ಮಾಡ್ಲಿಕ್ಕೆ ಇರುವ ಕರ್ನಲ್ಲಿನ ಫೈಲ್ ವ್ಯವಸ್ಥೆ) ಒಂದು ಫೈಲ್ ಇಟ್ಟು, ಅದಕ್ಕೆ 1 ಬರೆದಾಗ ಕಳಿಸುವುದು ಸುಲಭ. ಟ್ರೇಸ್ ಫೈಲ್ ಮತ್ತು ಟ್ರೇಸ್-ಸಿಎಂಡಿ ಎರಡರಲ್ಲೂ ತೆಗೆದು ಹೋಲಿಸಿ. ಒಂದರಲ್ಲಿ ಮಾತ್ರ ನೋಡಿದ್ರೆ ಈನಮ್ ದೋಷ ಈಗಲೂ ಸಿಗ್ತಿರಲಿಲ್ಲ.

ಮಲ್ಪೆ_ಐಸ್:

ಡಿಬಗ್‌ಎಫ್‌ಎಸ್ ದಾರಿ ಹಿಡಿದೆ. ಮೂರು ಪ್ಯಾಚ್ ಹಾಕಿದ ಮೇಲೆ ಎರಡೂ ಕಡೆ ಬಂದದ್ದು:

-55.000, -10.062, -1.000, -0.937, -0.062, -0.001, 0.000, 0.001, 0.062, 0.937, 1.000, 3.045, 125.000

ಸ್ಥಿತಿಯಲ್ಲಿ ನಾಲ್ಕೂ ಹೆಸರು ಬರ್ತವೆ, ಸೆನ್ಸರಿನ ಹೆಸರು ಅಕ್ಷರದಲ್ಲಿ ಬರ್ತದೆ. ಫಾರ್ಮ್ಯಾಟ್ ಫೈಲಿನ ಕೊನೆಯ ಸಾಲು ಈಗ ಓದುವ ಹಾಗೆ ಉಂಟು. ಸ್ಕ್ರಿಪ್ಟ್ ಬದಲಿಸದೆಯೇ ಗ್ರಾಫ್ ಸೊನ್ನೆಯಿಂದ ನೇರ ಕೆಳಗೆ ಇಳೀತದೆ. ಎಚ್‌ಡಬ್ಲ್ಯುಮಾನ್ ಕೆಲಸ ಮುಂದಿನದು.

ಇನ್ನೊಂದು ಬೋರ್ಡಿನಲ್ಲಿ 6.12 ಉಂಟು, ಅಲ್ಲಿ ಮೂರನೇ ಪ್ಯಾಚ್ ಕಂಪೈಲ್ ಆಗುವುದಿಲ್ಲ. __ಅಸೈನ್_ಎಸ್‌ಟಿಆರ್‌ಗೆ ಆರ್ಗ್ಯುಮೆಂಟ್ ಹೆಚ್ಚಾಯ್ತು ಅಂತ ಹೇಳ್ತದೆ.

ಕುಡ್ಲ_ಬಫರ್:

6.10ರಿಂದ ಅದಕ್ಕೆ ಒಂದೇ ಆರ್ಗ್ಯುಮೆಂಟ್. ಮೂಲ ಯಾವುದು ಅಂತ __ಸ್ಟ್ರಿಂಗ್ ಸಾಲಿನಲ್ಲೇ ಹೇಳಿದ್ದೀರಿ, ಅಲ್ಲಿಂದಲೇ ತೆಗೊಳ್ತದೆ. ಹೆಡರಿನ ಮೇಲ್ಭಾಗದಲ್ಲಿ ಲಿನಕ್ಸ್_ವರ್ಶನ್_ಕೋಡ್ ನೋಡಿ ಸ್ವಂತ ಮ್ಯಾಕ್ರೋ ಒಂದು ಮಾಡಿ, 6.10ಕ್ಕಿಂತ ಹಳೆಯದಕ್ಕೆ ಎರಡು, ಉಳಿದದ್ದಕ್ಕೆ ಒಂದು. ಆ ಮ್ಯಾಕ್ರೋವನ್ನು ಹೆಡರ್ ಮತ್ತೆ ಮತ್ತೆ ಸೇರುವ ಭಾಗದ ಹೊರಗೆ, ಸಾಮಾನ್ಯ ಗಾರ್ಡಿನ ಒಳಗೆ ಇಡಿ.